ಅಷ್ಟಮಿಯ ದಿನ ಕುಡಚಿ ಸೇತುವೆ ದಾಟಿ

2024ರ ಮೇ ಒಂದು, ಬುಧವಾರ, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅಭಿನಂದನ ತನ್ನ ವ್ಯಾನನ್ನು ರಾಯಬಾಗದಲ್ಲಿ ಕಬ್ಬಿನ ಹಾಲಿನ ಅಂಗಡಿಯೊಂದರ ಪಕ್ಕದ ಬೇವಿನ ನೆರಳಿಗೆ ತಂದು ನಿಲ್ಲಿಸಿದ. ನೆರಳು ವ್ಯಾನಿನ ಅರ್ಧಕ್ಕಷ್ಟೇ ಸಾಲುತ್ತಿತ್ತು. ಎಂಜಿನ್ ಆರಿಸಿದವನೇ ಹಿಂದಕ್ಕೆ ತಿರುಗಿ ಹೆಂಡತಿ ಜಿನಮತಿಯ ಮಣಿಕಟ್ಟು ಹಿಡಿದು ನಾಡಿ ನೋಡಿದ.

"ನಾಲಿಗಿ ತೋರಿಸು."

"ನಾ ಏನ್ ಎಮ್ಮಿ ಏನ್ರಿ, ಊರೂರಿಗೆ ನಿಂತು ಬಾಯಿ ತೆರೆದು ತೋರಸಾಕ?"

"ಎಮ್ಮಿ ಆಗಿದ್ರ ಹೊಳ್ಯಾಗ ಬಿಟ್ಟು ಆರಾಮ ಇರ್ತಿದ್ದೆ."

ಅವನು ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅವಳು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಇಬ್ಬರೂ ಸೇರಿ ಹಳೆಯ ಟೆಂಪೊ ವ್ಯಾನೊಂದನ್ನು ಕೊಂಡು, ಒಳಗೆ ಎರಡು ಮಂಚ, ಒಂದು ಗ್ಯಾಸಿನ ಒಲೆ, ನೀರಿನ ಕ್ಯಾನುಗಳನ್ನು ಇಟ್ಟುಕೊಳ್ಳಲು ಜಾಗ ಮಾಡಿಸಿದ್ದರು. ಮಹಾವೀರ ಜಯಂತಿ ಮುಗಿಸಿ ನಿಪ್ಪಾಣಿಯ ಮನೆಗೆ ಬೀಗ ಹಾಕಿ ಹೊರಟಿದ್ದರು. ಚಿಕ್ಕೋಡಿಯ ಸುತ್ತಲಿನ ಬಸದಿಗಳನ್ನು ನೋಡಿದ್ದಾಗಿತ್ತು. ಇವತ್ತು ಕುಡಚಿಯಲ್ಲಿ ಹೊಳೆ ದಾಟಿ ಅಥಣಿ. ಅಲ್ಲಿಂದ ಕಾಗವಾಡ, ಜಿನಮತಿಯ ತವರು.

ಇವತ್ತು ಅಷ್ಟಮಿ. ಅಷ್ಟಮಿ, ಚತುರ್ದಶಿಗಳಂದು ಜಿನಮತಿ ಅನ್ನ ಮಾತ್ರವಲ್ಲ, ನೀರನ್ನೂ ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಡೆಸಿಕೊಂಡು ಬಂದ ವ್ರತ. ದೇಹಕ್ಕೆ ಅದರಿಂದ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದಲೇ ಅಂಥ ದಿನ ಅವಳು ಮಾತು ಕಡಿಮೆ ಮಾಡಿ, ಗಾಳಿ ಬರುವ ಕಡೆ ಅಲುಗಾಡದೆ ಕೂತಿರುತ್ತಿದ್ದಳು.

ಉಪವಾಸವಿದ್ದವರ ಎದುರು ಅವರ ಮನೆಯಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಹಾಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆಯ ಕಾಲದಿಂದ ಬಂದ ಮರ್ಯಾದೆ ಅದು. ನಿಪ್ಪಾಣಿಯಲ್ಲಿ ಅಭಿನಂದನ ಆ ದಿನಗಳಂದು ಹಿತ್ತಲಿಗೆ ಹೋಗಿಯೋ, ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತೋ ನೀರು ಕುಡಿದು ಬರುತ್ತಿದ್ದ. ವ್ಯಾನಿಗೆ ಹಿತ್ತಲಿಲ್ಲ. ಅವನು ಅಲ್ಲಲ್ಲಿ ಇಳಿದಾಗ ಕುಡಿಯುತ್ತಿದ್ದಾನೆಂದು ಜಿನಮತಿ ತಿಳಿದಿದ್ದಳು. ಈಗಲೂ ಇಳಿದು ಹೋದ. ಮುಖವೆಲ್ಲ ಒದ್ದೆಯಾಗಿ ಬಂದ. ಅವನ ಹಿಂದೆಯೇ ಅಂಗಡಿಯ ಕಾಕಾಸಾಹೇಬ ಕಿಟಕಿಯ ಹತ್ತಿರ ಬಂದ.

"ಅಕ್ಕಾರ, ಸಾಹೇಬ್ರು ಬರೇ ಮಾರಿ ತೊಳಕೊಂಡ್ರು. ಕಬ್ಬಿನ ಹಾಲೂ ಬ್ಯಾಡಂತ, ನೀರೂ ಬ್ಯಾಡಂತ. ನನ್ನ ಅಂಗಡಿ ಮ್ಯಾಲ ಸಿಟ್ಟೇನ್ರಿ?"

ಜಿನಮತಿ ಗಂಡನ ಕಡೆ ನೋಡಿದಳು. "ಮುಂಜಾನಿಂದ ನೀರು ಕುಡಿದಿಲ್ಲೇನ್ರಿ?"

"ನೀ ಕುಡಿ, ನಾ ಕುಡೀತೀನಿ."

"ವ್ರತ ನಂದ್ರಿ. ನಿಮ್ದಲ್ಲ."

"ನಿಂದು ವ್ರತ, ನಂದು ಹಟ. ಯಾವುದು ಗೆಲ್ಲತೈತಿ ನೋಡೂಣು."

ಕಾಕಾಸಾಹೇಬ ನಕ್ಕ. "ಗಂಡ ಹೆಂಡ್ತಿ ಎಲ್ಲಾರೂ ಹಿಂಗ ಮಾಡಿದ್ರ ನನ್ನ ಧಂದೆ ಮುಳಗ್ತು ಬಿಡ್ರಿ!"

ಜಿನಮತಿಯೂ ನಕ್ಕಳು. ಈ ಮನುಷ್ಯ ಎಂದಾದರೂ ಹಟ ಸಾಧಿಸಿದ್ದುಂಟೆ? ಕುಡಚಿ ಮುಟ್ಟುವುದರೊಳಗೆ ಚಹಾಕ್ಕೆ ಇಳಿಯುತ್ತಾನೆ. ನಿನ್ನೆ ಸಂಜೆ ಹೊತ್ತು ಮುಳುಗುವ ಮೊದಲು ಇಬ್ಬರೂ ಒಟ್ಟಿಗೇ ನೀರು ಕುಡಿದಿದ್ದರು. ಗಟ್ಟಿಮುಟ್ಟಾದ ಗಂಡಸಿಗೆ ಒಂದು ದಿನದ ನೀರಡಿಕೆ ಏನೂ ಮಾಡದು ಎಂದು ಅವಳು ಲೆಕ್ಕ ಹಾಕಿದಳು. ತಾನು ಹಿಂದೆ ಗಾಳಿಗೆ ಕೂತಿದ್ದೇನೆ, ಅವನು ಎಂಜಿನ್ನಿನ ಮಗ್ಗುಲಲ್ಲಿ ಕೂತು ಗಾಡಿ ಓಡಿಸುತ್ತಿದ್ದಾನೆ ಎಂಬುದು ಆ ಲೆಕ್ಕದಲ್ಲಿ ಸೇರಲಿಲ್ಲ.

ರಸ್ತೆಯ ಎರಡೂ ಕಡೆ ಕಬ್ಬು ಕಡಿದ ಮೇಲೆ ಉಳಿದ ಒಣಗರಿಯನ್ನು, ರವದಿಯನ್ನು, ಸುಟ್ಟ ಹೊಲಗಳು. ಬಿಸಿಗಾಳಿ ಆ ಬೂದಿಯನ್ನು ಎತ್ತಿ ತಂದು ಕಿಟಕಿಯೊಳಗೆ ಹಾಕುತ್ತಿತ್ತು. ಮೆತ್ತಗಾದ ಡಾಂಬರಿನಿಂದ ಟಯರುಗಳು ಕಿತ್ತುಕೊಂಡು ಬರುವ ಸದ್ದು ಒಳಗೂ ಕೇಳುತ್ತಿತ್ತು. ಎದುರಿಗೆ ಒಂದು ಗಾಡಿಯೂ ಬರಲಿಲ್ಲ. ಅಭಿನಂದನನ ಅಂಗಿ ಬೆನ್ನಿಗೆ ಅಂಟಿತ್ತು. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ಕುಡಚಿ ಸ್ಟೇಷನ್ನಿನ ಹತ್ತಿರ ಜಿನಮತಿ ಅಂದಳು: "ಇಳೀರಿ. ಆ ಹೋಟೆಲ್‌ನ್ಯಾಗ ಕುಡಿದು ಬರ್ರಿ. ನಾ ಈ ಕಡೆ ಮಾರಿ ಮಾಡಿ ಕೂಡ್ತೀನಿ."

"ನೀ ಕುಡಿದ್ರ ನಾ ಕುಡೀತೀನಿ ಅಂದ್ನೆಲ್ಲ."

"ಸಣ್ಣ ಹುಡುಗರಗತೆ ಮಾಡಬ್ಯಾಡ್ರಿ."

"ಮತ್ತ ಏನ್ ಮಾಡ್ಲಿ?" ಅವನ ದನಿ ಒಮ್ಮೆಲೆ ಏರಿತು. "ಹ್ವಾದ ವರ್ಷ ಅಡಗಿ ಮನ್ಯಾಗ ಬಿದ್ದಿ. ಕಣ್ಣು ಮ್ಯಾಲ ಹೋಗಿದ್ವು. ಎತಗೊಂಡು ಓಡಿದವ ನಾ. ಒಂದಿನ ಹಿಂಗ ಸಾಯ್ತಿ ನೀ, ನಾ ನೋಡ್ಕೋತ ಕೂಡ್ಲೇನು?"

ಬಿದ್ದದ್ದರ ಬಗ್ಗೆ ಆಮೇಲೆ ಅವನು ಒಂದು ಮಾತೂ ಆಡಿರಲಿಲ್ಲ. ಮರೆತಿದ್ದಾನೆ ಎಂದುಕೊಂಡಿದ್ದಳು. ಇದು ತಮಾಷೆಯಲ್ಲ ಎಂದು ಅವಳಿಗೆ ಈಗ ತಿಳಿಯಿತು. ಕ್ಯಾನು ಅವಳ ಕಾಲ ಬಳಿಯೇ ಇತ್ತು. ಒಂದು ಗುಟುಕು ಕುಡಿದರೆ ಮುಗಿಯುತ್ತಿತ್ತು. ಆದರೆ ಇವತ್ತು ಸೋತರೆ ಮುಂದಿನ ಪ್ರತಿ ಅಷ್ಟಮಿಗೂ ಇವನು ಹೀಗೇ ಕೂರುತ್ತಾನೆ. ತನ್ನದೆಂದು ಉಳಿದಿರುವ ಇದೊಂದೂ ಹೋಗುತ್ತದೆ. ಅಥಣಿ ದೂರವಿಲ್ಲ. ಅಲ್ಲಿಯವರೆಗೆ ತಡೆದಾನು. ಅವಳು ಕೈ ಮುಂದೆ ಮಾಡಲಿಲ್ಲ.

ಸೇತುವೆಯ ಕೆಳಗೆ ಕೃಷ್ಣೆ ಬಂಡೆಗಳ ನಡುವಿನ ಮಡುಗಳಲ್ಲಿ ಮಾತ್ರ ಇತ್ತು. ಎಮ್ಮೆಗಳು ಮೂಗಷ್ಟೇ ಹೊರಗಿಟ್ಟು ಅಲ್ಲಾಡದೆ ನಿಂತಿದ್ದವು. ಅಭಿನಂದನ ವ್ಯಾನನ್ನು ಬಹಳ ನಿಧಾನ ಓಡಿಸಿದ. ಹಿಂದಿದ್ದ ಲಾರಿ ಹಾರ್ನ್ ಹೊಡೆದೇ ಹೊಡೆಯಿತು. ಅವನಿಗೆ ಕೇಳಿಸಿದಂತೆ ಕಾಣಲಿಲ್ಲ.

ಸೇತುವೆ ದಾಟಿ ಬಹಳ ದೂರ ಬಂದ ಮೇಲೆ ಅವನು ಕೇಳಿದ: "ಹೊಳಿ ಇನ್ನೂ ಎಷ್ಟು ದೂರ ಐತಿ?"

"ದಾಟಿದೆವಲ್ರಿ."

"ಯಾವಾಗ?"

ಜಿನಮತಿ ಮುಂದಕ್ಕೆ ಬಾಗಿ ನೋಡಿದಳು. ಅವನ ಅಂಗಿ ಒಣಗಿತ್ತು. ಬೆವರು ಇದ್ದ ಕಡೆ ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು. ಹಣೆ ಕೆಂಪಗಾಗಿತ್ತು, ಒಂದು ಹನಿ ಬೆವರೂ ಇರಲಿಲ್ಲ. ಕುತ್ತಿಗೆಗೆ ಅಂಗೈ ಇಟ್ಟವಳು ಕೂಡಲೇ ತೆಗೆದಳು. ಈ ಸೆಕೆಯಲ್ಲಿ ಬೆವರು ನಿಂತಿತೆಂದರೆ ಏನರ್ಥ ಎಂದು ಅವಳು ವರ್ಷವರ್ಷವೂ ಪಾಠ ಹೇಳಿದ್ದಳು.

"ಗಾಡಿ ನಿಂದರಸ್ರಿ."

ಅವನು ನಿಲ್ಲಿಸಲಿಲ್ಲ.

"ಅಹೋ, ನಿಂದರಸ್ರಿ!"

ವ್ಯಾನು ತಾನಾಗಿ ಡಾಂಬರು ಬಿಟ್ಟು ಕೆಳಗಿಳಿದು, ಗರಸು ಮಣ್ಣಿನ ಗುಡ್ಡೆಯೊಂದಕ್ಕೆ ತಾಗಿ, ಕೆಮ್ಮಿ ನಿಂತಿತು. ಜಿನಮತಿ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿ ಅವನ ತುಟಿಗೆ ಹಿಡಿದಳು. ಅವನು ಮುಖ ಆಚೆ ತಿರುಗಿಸಿದ.

"ನೀ," ಅಂದ. ಅದೊಂದೇ ಮಾತು.

ಅವಳು ತಡಮಾಡಲಿಲ್ಲ. ನೆತ್ತಿಯ ಸೂರ್ಯ ಅತ್ತ ಸರಿದಿದ್ದನಷ್ಟೇ, ವ್ರತ ಮುಗಿಯಲು ಇನ್ನೂ ಬಹಳ ಹೊತ್ತಿತ್ತು. ಒಂದೇ ಉಸಿರಿಗೆ ಲೋಟ ಖಾಲಿ ಮಾಡಿ ಅವನ ಕಣ್ಣ ಮುಂದೆ ಬೋರಲು ಹಿಡಿದಳು. "ನೋಡ್ರಿ, ಕುಡಿದ್ನಿ. ನೀವು ಗೆದ್ರಿ. ಸೋತ್ನಿ ನಾ. ಈಗ ಕುಡೀರಿ."

ಬಸ್ಸಿನಲ್ಲಿ ಎದುರು ಕೂತ ಅಪರಿಚಿತರನ್ನು ನೋಡುವಂತೆ ಅವನು ಅವಳನ್ನು ನೋಡಿದ. ಮತ್ತೆ ಲೋಟ ತುಂಬಿ ಬಾಯಿಗೆ ಹಾಕಿದ ನೀರು ಗಂಟಲಿಗೆ ಇಳಿಯದೆ ತುಟಿಯ ಅಂಚಿನಿಂದ ಹೊರಗೆ ಬಂತು. ಇನ್ನೂ ಹಾಕಿದರೆ ಶ್ವಾಸಕ್ಕೆ ಹೋದೀತೆಂದು ಅವಳು ನಿಲ್ಲಿಸಿ, ಉಳಿದ ನೀರನ್ನು ಅವನ ತಲೆಯ ಮೇಲೆ ಸುರಿದಳು.

ಜಾಲಿ ಮರದ ಕೆಳಗೆ ಆಡು ಕಾಯುತ್ತಿದ್ದ ಹೆಂಗಸು ಓಡಿ ಬಂದಳು. ಅಕ್ಕುತಾಯಿ ಎಂದು ಅವಳ ಹೆಸರು. "ಏನಾತ್ ಬೇ ಯವ್ವಾ? ಮೂರ್ಚಿ ಬಂತೇನು?"

"ಬಿಸಲು ಬಡದೈತಿ. ಕಾಲು ಹಿಡೀರಿ, ಕೆಳಗ ಇಳಸೂಣು."

"ಅಯ್ಯ, ಮೈ ಹೆಂಚಿನಗತೆ ಸುಡಾಕತ್ತೈತಲ್ಲ!"

ಇಬ್ಬರೂ ಸೇರಿ ಅವನನ್ನು ನೆರಳಿಗೆ ಎಳೆದರು. ಅಕ್ಕುತಾಯಿ ರಸ್ತೆಯ ನಟ್ಟನಡುವೆ ನಿಂತು ಸೆರಗು ಬೀಸಿ ಒಂದು ಟಂಟಂ ರಿಕ್ಷಾ ನಿಲ್ಲಿಸಿದಳು. ಅವನನ್ನೂ ಕ್ಯಾನುಗಳನ್ನೂ ಅದರಲ್ಲೇ ಏರಿಸಿಕೊಂಡು ಐನಾಪುರದ ದವಾಖಾನೆಯವರೆಗೆ ಜಿನಮತಿ ಗಂಡನ ಮೈಮೇಲೆ ನೀರು ಹಾಕುತ್ತಲೇ ಇದ್ದಳು. ದಾರಿಯಲ್ಲಿ ಅವನ ಕೈಗಳು ಎರಡು ಸಲ ಸೆಟೆದವು. ಆಮೇಲೆ ಅಲುಗಾಡಲಿಲ್ಲ.

ದವಾಖಾನೆಯಲ್ಲಿ ನರ್ಸು ಸಲೈನಿಗೆ ನರ ಹುಡುಕುತ್ತ ಕೇಳಿದಳು: "ನೀರು ಯಾವಾಗ ಕುಡಿದಿದ್ರು?"

"ನಿನ್ನೆ ಸಂಜೀಕ."

"ಯಾಕ್ರಿ? ಸಿಗಲಿಲ್ಲೇನು?"

ನರ್ಸು ಉತ್ತರಕ್ಕೆ ಕಾಯದೆ ಡಾಕ್ಟರನ್ನು ಕೂಗಿದಳು. ಅಷ್ಟೆಲ್ಲ ನೀರು ಸುರಿದ ಮೇಲೂ ಅವನ ಮೈಯ ಉಷ್ಣತೆ 41.7 ಡಿಗ್ರಿ ಸೆಲ್ಸಿಯಸ್, ಅಂದರೆ 107 ಡಿಗ್ರಿ ಫ್ಯಾರನ್‌ಹೀಟ್ ಇತ್ತು.