ಬಂಗುಡೆ ಬಂದ ದಿನ

ಅಪ್ಪಿ ಚಿಂದಿಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಸತ್ತ ಗಂಡ ಗಿರಿಯಪ್ಪನ ಬೆರಳುಗಳನ್ನು ತಿಕ್ಕುತ್ತಲೇ ಇದ್ದಳು. ಉಗುರಿನ ಸಂದಿಯ ಹಳದಿ ಪೈಂಟ್ ಬಿಡಲೊಲ್ಲದು.

"ಸಾಕು ಅಪ್ಪಿಯಕ್ಕ, ಚರ್ಮ ಕಿತ್ತು ಬರ್ತದೆ," ಎಂದು ಪಕ್ಕದ ಮನೆಯ ಫರ್ಝಾನಾ ಅವಳ ಕೈ ಹಿಡಿದಳು.

"ಬಲೆ ಎಳೆದ ಕೈ ಇದು. ಪೈಂಟ್ ಮೆತ್ತಿಕೊಂಡು ಹೇಗೆ ಕಳಿಸೂದು ನಾನು?"

ಕಡಲು-ನದಿಗಳ ನಡುವಿನ ಬೆಂಗ್ರೆಯ ಆ ಅಂಗಳದಲ್ಲಿ ಸೇರಿದವರಿಗೆ ಇನ್ನೂ ನಂಬಲಾಗಿರಲಿಲ್ಲ. ಎಷ್ಟು ತುಫಾನು ಬಂದುಹೋದರೂ ಗಿರಿಯಪ್ಪನ ಕೂದಲು ಕೊಂಕಿರಲಿಲ್ಲ. ಕಡಲು ಕೊಂಡೊಯ್ದರೆ ಕಡಲಿನದ್ದು ಎನ್ನಬಹುದಿತ್ತು. ಕಡಲನ್ನೇ ನಂಬಿದ ಮೊಗವೀರ ಗಂಡಸು ಪೇಟೆಯ ಕೊಟ್ಟಾರದ ಫ್ಲ್ಯಾಟಿನ ಗೋಡೆಗೆ ಬಣ್ಣ ಬಳಿಯುತ್ತ ಬಿದ್ದು ಸಾಯುವುದೆಂದರೆ!

* * *

ಆ ವರ್ಷ ಬಲೆ ಹಾಕಿದಲ್ಲೆಲ್ಲ ಬರೀ ನೀರು. ಡೀಸೆಲಿನ ಖರ್ಚೂ ಹುಟ್ಟದೆ ಬೋಟುಗಳು ನದಿಯಾಚೆಯ ಧಕ್ಕೆಯಲ್ಲೇ ನಿಂತುಬಿಟ್ಟವು. ಹಿಡಿದ ಮೀನಿನಲ್ಲಿ ಪಾಲು ಪಡೆಯುವವನಿಗೆ ಮೀನೇ ಇಲ್ಲದಿದ್ದರೆ ಪಾಲೆಲ್ಲಿಯದು? ಬೋಟಿನ ಧಣಿ ಚಿತ್ತರಂಜನರಿಗೆ ಪೇಟೆಯಲ್ಲಿ ಹೋಟೆಲು ಇತ್ತು. ಗಿರಿಯಪ್ಪನಿಗೆ ಎರಡು ಕೈ ಬಿಟ್ಟರೆ ಮತ್ತೇನೂ ಇರಲಿಲ್ಲ. ಅಪ್ಪಿಯ ಮೀನಿನ ಬುಟ್ಟಿಯೂ ಜಗಲಿಯಲ್ಲಿ ಬೋರಲು ಬಿದ್ದಿತ್ತು.

ಒಂದು ಸಂಜೆ ಅವನು ತಲೆತುಂಬ ಹಳದಿ ಹನಿ ಹೊತ್ತು ಫೆರಿಯಿಂದ ಇಳಿದ.

"ಎಂತ ಇದು, ಈ ಪ್ರಾಯದಲ್ಲಿ ಇನ್ನೊಂದು ಮದುವೆಗೆ ಅರಸಿನ ಹಚ್ಚಿಸಿಕೊಂಡದ್ದಾ?" ಎಂದಳು ಅಪ್ಪಿ.

"ಹೆಣ್ಣು ಯಾರು ಕೊಡ್ತಾರೆ ಮಾರಾಯ್ತಿ! ಪೈಂಟಿಂಗ್ ಕೆಲಸ. ಅಷ್ಟು ಮೇಲೆ ನಿಂತ್ರೆ ಕಡಲು ಕಾಣ್ತದೆ. ಬಂಗುಡೆ ಬಂದ್ರೆ ನಿಮಗೆಲ್ಲರಿಗಿಂತ ಮೊದಲು ನನಗೇ ಗೊತ್ತಾಗೂದು."

* * *

ಚಟ್ಟ ಕಟ್ಟಿ ಮುಗಿಯಿತು. ಊರಲ್ಲಿ ಸಾವಾದರೆ ಚಿತೆಗೆ ಬೆಂಕಿ ಬೀಳುವ ತನಕ ಯಾರೂ ಕಡಲಿಗಿಳಿಯಬಾರದು. ಅಜ್ಜನ ಕಾಲದಿಂದ ನಡೆದು ಬಂದ ಕಟ್ಟು.

ರಂಜಿತನ ಮೊಬೈಲ್ ಗುಂಯ್‌ಗುಟ್ಟಿತು. ಆಮೇಲೆ ಇನ್ನೊಬ್ಬನದು, ಮತ್ತೊಬ್ಬನದು. ನೋಡಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಕಿಸೆಗೆ ತುರುಕಿದರು. ಈ ಮೌನ ದುಃಖದ್ದಲ್ಲ ಎಂದು ಅಪ್ಪಿಗೆ ಹೊಳೆಯಿತು.

"ಎಂತ ರಂಜಿತ್?"

ರಂಜಿತ್ ಗಿರಿಯಪ್ಪನ ತಂಗಿಯ ಮಗ, ಚಿತ್ತರಂಜನರ ಬೋಟಿನಲ್ಲೇ ದುಡಿಯುವವನು. "ಎಂತ ಇಲ್ಲ ಮಾಮಿ."

"ಹೇಳು ಅಂದೆ."

"ಬಂಗುಡೆ ಬಂದಿದೆಯಂತೆ. ನೀರೇ ಕಪ್ಪಾಗುವಷ್ಟು. ನಾವು ಈಗಲೇ ಹೋಗದಿದ್ರೆ ಧಣಿ ಹೊರಗಿನವರನ್ನು ಹಾಕಿ ಬೋಟು ಬಿಡ್ತಾರಂತೆ. ಆಮೇಲೆ ನಾವು ಬರೂದು ಬೇಡವಂತೆ."

ಊರ ಹಿರಿಯ, ಗುರಿಕಾರ ಬೂಬ ಕೋಲನ್ನು ನೆಲಕ್ಕೆ ಕುಟ್ಟಿದರು. "ಹೆಣ ಅಂಗಳದಲ್ಲಿ ಉಂಟು! ಮೊದಲು ಹೆಗಲು ಕೊಡಬೇಕಾದ ಅಳಿಯ ನೀನು! ಧಣಿಗೆ ಒಂದು ದಿನ ತಡೀಲಿಕ್ಕೆ ಆಗೂದಿಲ್ವಾ?"

"ಅವರಿಗೆ ಆಗ್ತದೆ ಗುರಿಕಾರ್ರೇ. ಆಗದ್ದು ನಮಗೆ." ರಂಜಿತ್ ತಲೆ ಎತ್ತಲಿಲ್ಲ.

ಅಪ್ಪಿ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನಾಳೆ ಇವರೂ ಗೋಡೆ ಹತ್ತುವವರೇ.

"ಹೋಗಿ," ಎಂದಳು. ಯಾರೂ ಅಲುಗಲಿಲ್ಲ. "ಹೋಗಿ! ಇನ್ನೊಬ್ಬ ಮೇಲಿಂದ ಬೀಳೂದು ಬೇಡ."

ಬಾಯಿ ಹಾಗೆಂದರೂ, ಒಬ್ಬನಾದರೂ 'ಇಲ್ಲ ಅಕ್ಕ, ನಾವಿದ್ದೇವೆ' ಎನ್ನಬಹುದೆಂದು ಅವಳ ಹೊಟ್ಟೆಯೊಳಗೆ ಆಸೆಯಿತ್ತು. ಒಬ್ಬನೂ ಅನ್ನಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಅಂಗಳ ಬರಿದಾಯಿತು. ನದಿಬದಿಯಲ್ಲಿ ದೋಣಿ ತಳ್ಳುವ ಸದ್ದು ಕೇಳಿತು. ಅಪ್ಪಿ ಕಂಬ ಹಿಡಿದು ನಿಂತಳು. ಉಳಿದವರು ಬೆಂಕಿಯ ಮಡಕೆ ಹಿಡಿದ ಮಗ ಯತಿನ್, ಮುದುಕ ಬೂಬ, ಮತ್ತೆ ಹೆಂಗಸರು.

"ಹೆಗಲು ಯಾರು ಕೊಡೂದು?" ಬೂಬ ಚಟ್ಟದ ಕಡೆ ನೋಡಿದರು.

ಅಪ್ಪಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇಷ್ಟು ವರ್ಷ ತಲೆಯಲ್ಲಿ ಮೀನು ಹೊತ್ತದ್ದು ಯಾರು? ಇವರೆಂತ, ನಮ್ಮ ಬುಟ್ಟಿಗಿಂತ ಭಾರ ಉಂಟಾ?"

"ಅಮ್ಮ!" ಎಂದ ಯತಿನ್.

"ನೀನು ಮುಂದೆ ನಡಿ."

ಮೀನು ಮಾರುವ ಹೆಂಗಸರು ಬಂದು ಬಿದಿರಿಗೆ ಕೈ ಹಾಕಿದರು. ಹಿಂದಿನ ತುದಿಗೆ ಫರ್ಝಾನಾ ಹೆಗಲು ಕೊಟ್ಟಳು. ಬೂಬ ಬೇಡವೆನ್ನಲು ಬಾಯಿ ತೆರೆದವರು ಕೋಲೂರಿ ದಾರಿ ಬಿಟ್ಟರು.

ಚಟ್ಟ ಕಡಲಬದಿಯ ಮರಳಿಗೆ ಇಳಿಯುವಾಗ ಅಳಿವೆಬಾಗಿಲಿನಿಂದ ಬೋಟುಗಳು ಒಂದರ ಹಿಂದೊಂದು ಹೊರಬಿದ್ದವು. ಮುಂದಿನದು ಚಿತ್ತರಂಜನರದ್ದು. ಇಂಜಿನಿನ ಸದ್ದಿಗೆ ಹೆಂಗಸರ ಕಾಲಡಿಯ ಮರಳು ನಡುಗಿತು. ಗಂಡಸರೆಲ್ಲ ಬೋಟಿನ ಮೇಲೆಯೇ ನಿಂತಿದ್ದರು, ರಂಜಿತನೂ. ಎಲ್ಲರ ಮುಖ ಪಡುವಣಕ್ಕೆ. ದಡಕ್ಕೆ ಕಂಡದ್ದು ಸಾಲು ಬೆನ್ನುಗಳು ಮಾತ್ರ.