ಪದ್ದಕ್ಕನ ಹಾಲಾಡಿ

ಶ್ರಾವ್ಯ ಮೇಡಂ ಕ್ಲಾಸಿನಲ್ಲಿ ಹಂಚಿದ ಪ್ರಶ್ನಾವಳಿಯನ್ನು ನಾನು ಐದೇ ನಿಮಿಷದಲ್ಲಿ ತುಂಬಿಸಿದ್ದೆ. ಯಾರದೋ ಸಂಶೋಧನೆಗಂತೆ. ಡಿಗ್ರಿ ಮುಗಿದ ಮೇಲೆ ಸ್ವಂತ ಉದ್ಯಮ ಶುರುಮಾಡುವ ಮನಸ್ಸು ಎಷ್ಟಿದೆ, ಒಂದರಿಂದ ಏಳರೊಳಗೆ ಗುರುತು ಹಾಕಿ. ಏಳು ಹಾಕಿದೆ. ನಿಮ್ಮ ಪರಿಚಯದಲ್ಲಿ ಉದ್ಯಮಿಗಳಿದ್ದಾರೆಯೇ? ಇಲ್ಲ. ಕೋಡಿಯ ಮೀನುಗಾರರ ಕೇರಿಗೆ ಉದ್ಯಮಿಗಳು ಎಲ್ಲಿಂದ ಬರಬೇಕು! ಹಾಳೆಯನ್ನು ಸೋಮವಾರ ವಾಪಸ್ ಕೊಡಬೇಕಿತ್ತು.

ಏಳು ಹಾಕುವ ಸೊಕ್ಕು ಸುಮ್ಮನೆ ಬಂದದ್ದಲ್ಲ. ತಲೆ, ಬಾಲ ತೆಗೆದ ಒಣ ಸಿಗಡಿಯನ್ನು, ನಮ್ಮ ಕಡೆಯ ಚಟ್ಲಿಯನ್ನು, ಪ್ಯಾಕೆಟ್ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೆ. ಗೆಳತಿ ತೃಷಾಳ ಊರು ಹಾಲಾಡಿ. ಅವಳ ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿ, ಒಂದೇ ವಾರಕ್ಕೆ ಹನ್ನೊಂದು ಮನೆ! ಶುಕ್ರವಾರ ಕಾಲೇಜು ಬಿಟ್ಟವಳೇ ಬಸ್ ಹತ್ತಿ ಹೋಗಿ ಕೊಟ್ಟು ಬಂದೆ.

ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಪದ್ದಕ್ಕ ಒಣಮೀನಿನ ಬುಟ್ಟಿಯನ್ನು ತುಂಬಿದ್ದು ತುಂಬಿದ ಹಾಗೇ ಹೊತ್ತು ವಾಪಸ್ ಬಂದಳು. ಅಮ್ಮ ನನ್ನ ಮುಖ ನೋಡಿದಳು.

"ನೀ ಚಟ್ಲಿ ಕೊಟ್ಟದ್ ಎಲ್ಲಿಗೆ?"

"ಹಾಲಾಡಿಗೆ."

"ಹಾಲಾಡಿ ಪದ್ದಕ್ಕಂದ್ ಅಂದೇಳಿ ಗೊತ್ತಿಲ್ಯಾ ನಿಂಗೆ?"

ಗೊತ್ತಿತ್ತು. ನಮ್ಮ ಕೇರಿಯಲ್ಲಿ ಒಬ್ಬಳು ಮೀನು ಕೊಡುವ ಊರಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸುವುದಿಲ್ಲ. ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿದ್ದೂ ಇಲ್ಲ. ಆದರೆ ನನ್ನ ತಲೆ ಮೇಲೆ ಬುಟ್ಟಿ ಇರಲಿಲ್ಲವಲ್ಲ. ಫೋನು, ಪ್ಯಾಕೆಟ್ಟು, ಸ್ಟೇಟಸ್ಸು ಅಂತ ಕುಣಿಯುವಾಗ ನಾನು ಮಾರುತ್ತಿರುವುದೂ ಮೀನೇ ಎಂಬುದು ಮರೆತೇ ಹೋಗಿತ್ತು.

ಪದ್ದಕ್ಕನಿಗೆ ಗಂಡನಿಲ್ಲ, ಮೊಣಕಾಲು ನೋವು, ಇರುವುದೇ ಆ ಮನೆಗಳು. ಅವರು ಇನ್ನು ಅವಳನ್ನು ಕರೆಯದಿದ್ದರೆ? ವಿಷಯ ತಿಳಿದು ಕೇರಿಯವರೆಲ್ಲ ಅಮ್ಮನ ಹತ್ತಿರ ಮಾತು ಬಿಟ್ಟರೆ? ಹತ್ತು ಸಲ ಅವಳ ಬೇಲಿಯ ತನಕ ಹೋಗಿ ಹಿಂದೆ ಬಂದೆ. ಭಾನುವಾರ ಬೆಳಿಗ್ಗೆ ಅಂತೂ ಒಳಗೆ ಕಾಲಿಟ್ಟೆ.

ಪದ್ದಕ್ಕ ಅಂಗಳದಲ್ಲಿ ಕೂತು ವಾಪಸ್ ತಂದ ಮೀನನ್ನು ಬಿಸಿಲಿಗೆ ಹರಡುತ್ತಿದ್ದಳು.

"ತಪ್ಪಾಯ್ತ್ ಪದ್ದಕ್ಕ. ಇನ್ ಆ ಪ್ಯಾಕೆಟ್ ನೀವೇ ಕೊಡಿ. ನಾನ್ ಮಾಡಿ ಕೊಡ್ತೆ, ನಿಮ್ಗೆ ತಿಂಗ್ಳ್ ತಿಂಗ್ಳ್ ಸಂಬ್ಳ..."

"ಸಂಬ್ಳವಾ?" ಅವಳು ತಲೆ ಎತ್ತಿದಳು. "ಮೂವತ್ತೊರ್ಷ ಆಯ್ತ್, ಯಾರ ಕೈಕೆಳ್ಗೂ ದುಡ್ದೋಳಲ್ಲ ನಾನ್. ಇನ್ ನಿನ್ ಕೈಕೆಳ್ಗಾ?"

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಕಣ್ಣಲ್ಲಿ ನೀರು ಬಂದದ್ದನ್ನು ಕಂಡಳೋ ಏನೋ, ಮೀನು ಹರಡುತ್ತಲೇ ಹೇಳಿದಳು.

"ಕೆರಾಡಿಗೆ ಮೀನ್ ಹೊತ್ಕಂಡ್ ಯಾರೂ ಹೋಪುದಿಲ್ಲ. ಕಾಡ್ ಬದಿ, ಬಸ್ ಕಮ್ಮಿ. ನಾನ್ ಹಾಲಾಡಿಗ್ ಹೋದ್ ಮೊದ್ಲಿನ್ ದಿನ ಒಂದ್ ಮೀನೂ ಹೋಯ್ಲಿಲ್ಲ ಕಾಣ್. ಬಸ್ ಸ್ಟ್ಯಾಂಡಂಗೆ ಕೂಕಂಡ್ ಕಣ್ಣೀರ್ ಹಾಕಿದ್ದೆ. ಧೈರ್ಯ ಇದ್ರೆ ಹೋಗ್."

ಮನೆಗೆ ಬಂದು ಹನ್ನೊಂದು ಮನೆಗೂ ಮೆಸೇಜ್ ಹಾಕಿದೆ: ಇನ್ನು ನಮ್ಮ ಪ್ಯಾಕೆಟ್ ಇಲ್ಲ, ಮಂಗಳವಾರ ಎಂದಿನಂತೆ ಪದ್ದಕ್ಕ ಬರುತ್ತಾರೆ. ಆಮೇಲೆ ಪ್ರಶ್ನಾವಳಿ ತೆಗೆದೆ. ಪರಿಚಯದಲ್ಲಿ ಉದ್ಯಮಿಗಳಿದ್ದಾರೆಯೇ ಎಂಬಲ್ಲಿ 'ಇಲ್ಲ' ಹೊಡೆದುಹಾಕಿ 'ಇದ್ದಾರೆ' ಎಂದು ಬರೆದೆ. ಏಳರ ಹತ್ತಿರ ಪೆನ್ನು ನಿಂತಿತು. ಅದು ತೃಷಾಳ ಅಮ್ಮ ಹುಡುಕಿಕೊಟ್ಟ ಮನೆಗಳನ್ನು ನೆಚ್ಚಿಕೊಂಡು ಹಾಕಿದ ಏಳು. ಗುರುತಿನವರು ಒಬ್ಬರೂ ಇಲ್ಲದ ಕೆರಾಡಿಯನ್ನು ನೆನೆದರೆ ಎರಡು ಹಾಕಲೂ ಕೈ ಬರಲಿಲ್ಲ. ಏಳನ್ನು ಹೊಡೆದುಹಾಕಿ, ಆ ಸಾಲನ್ನು ಹಾಗೇ ಖಾಲಿ ಬಿಟ್ಟೆ.

"ಅಮ್ಮಾ," ಎಂದೆ. "ಕೆರಾಡಿಗೆ ಮೊದ್ಲಿನ್ ಬಸ್ ಎಷ್ಟೊತ್ತಿಗೆ?"