ಅತ್ತೆಯ ಪ್ರಾರ್ಥನೆ

ರಂಗಂಪೇಟೆಯ ಬಸ್ಸಮ್ಮ ದೇವರ ಜೊತೆ ಮಾತಾಡುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ‘ಯಪ್ಪಾ ಯೇಸು, ಈ ಮೊಣಕಾಲು ನನ್ನ ಮಾತು ಕೇಳವಲ್ವು, ನೀನಾದ್ರೂ ಕೇಳು’ ಎನ್ನುವಳು. ಒಮ್ಮೊಮ್ಮೆ ಸಿಟ್ಟಿನಿಂದ ಬೈಯುವಳು, ಮರುಗಳಿಗೆ ಏನೋ ಉತ್ತರ ಕೇಳಿಸಿಕೊಂಡವಳಂತೆ ನಗುವಳು. ಮದುವೆ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ಅತ್ತೆ ಸೊಸೆಯ ಕಸುಬು. ಸೊಸೆ ಮಲ್ಲೇಶ್ವರಿ ಹುಣಸಗಿಯವಳು. ಮದುವೆಯಾಗಿ ಬಂದ ಮೇಲೇ ಚರ್ಚು ಕಂಡವಳು. ಹಂಚಿನ ಮುಂದೆ ಕೂತು ರೊಟ್ಟಿ ತಿರುವುವಾಗ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈ ಮುದುಕಿಗೆ ಒಳಗೆ ಯಾರೋ ಇದ್ದಾರೆ, ನನಗ್ಯಾಕೆ ಇಲ್ಲ?

ಬೇಸಿಗೆಯಲ್ಲಿ ಬಸ್ಸಮ್ಮ ತೀರಿಕೊಂಡಳು. ಮನೆ ಬಿಕೋ ಎಂದಿತು. ಮಲ್ಲೇಶ್ವರಿ ದಿನಾ ಮೊಣಕಾಲೂರುವಳು. ಕಲಿಸಿಕೊಟ್ಟ ಪ್ರಾರ್ಥನೆ ಗಡಗಡ ಮುಗಿಯುತ್ತಿತ್ತು. ಆಮೇಲೆ ಬಾಯಿ ಒಣಗುತ್ತಿತ್ತು. ಯಾರದೋ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತಂತಾಗಿ, ಸೆರಗು ಕೊಡವಿ ಏಳುವಳು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಅನ್ವರಬಿ ಓಡೋಡಿ ಬಂದಳು. ‘ನನ್ನ ಮಗಳು ಉಮೆಸಲ್ಮಾನ್ನ ಶಹಾಪುರದ ದವಾಖಾನಿಗಿ ಒಯ್ದಾರವ್ವ. ಕೂಸು ಅಡ್ಡ ಆಗೇತಂತ. ನಿಮ್ಮತ್ತಿ ಇದ್ದಿದ್ರ ದುವಾ ಮಾಡತಿದ್ಲು. ನೀನರ ಮಾಡು.’

ಮಲ್ಲೇಶ್ವರಿ ಅವಳ ಕೈ ಹಿಡಿದಳು. ಬಾಯಿಗೆ ಬಂದದ್ದು ಬಸ್ಸಮ್ಮನ ಮಾತುಗಳೇ: ‘ಯಪ್ಪಾ ಯೇಸು, ನೀನೂ ತಾಯಿ ಹೊಟ್ಟ್ಯಾಗಿಂದ ಬಂದಾಂವ, ಈ ಹುಡುಗಿ ಸಂಕಟ ನಿನಗ ತಿಳೀತೈತಿ...’ ಅದೇ ರಾಗ, ಅದೇ ನಿಟ್ಟುಸಿರು.

ಅನ್ವರಬಿ ಕಣ್ಣೊರೆಸಿಕೊಂಡಳು. ‘ಥೇಟ್ ನಿಮ್ಮತ್ತಿ ಮಾತಾಡಿದಂಗ ಆತು ನೋಡು.’

ಆ ಮಾತು ಮಲ್ಲೇಶ್ವರಿಯ ಎದೆಗೆ ಮುಳ್ಳಿನಂತೆ ನಾಟಿತು.

ಸಂಜೆಯೊಳಗೆ ಖಬರು ಬಂತು: ಆಪರೇಷನ್ ಆಯಿತು, ತಾಯಿ ಮಗು ಇಬ್ಬರೂ ಉಳಿದರು. ಓಣಿಯಲ್ಲೆಲ್ಲ ಸೊಸೆಯ ಪ್ರಾರ್ಥನೆಯದೇ ಸುದ್ದಿ. ಗಂಡ ದೇವಿಂದ್ರನೂ ಹಿಗ್ಗಿದ. ಭಾನುವಾರ ಪಾಸ್ಟರ್ ಅರುಣಕುಮಾರ ಅವಳನ್ನು ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಲು ಸಭೆಯ ಮುಂದೆ ಕರೆದರು.

ಮಲ್ಲೇಶ್ವರಿ ಎದ್ದು ನಿಂತಳು. ‘ಆ ಪ್ರಾರ್ಥನಿ ನಂದಲ್ರಿ, ನಮ್ಮತ್ತೀದು. ಕೂಸು ಉಳೀತು, ಆತಗ ಸ್ತೋತ್ರ. ಆದ್ರ ನನಗ ಆತನ ಗುರುತ ಇಲ್ರಿ. ನಾ ಬರೇ ಆಕಿ ಮಾತು ಕೇಳಿದಾಕಿ.’

ಯಾರೂ ಹಾಡು ಎತ್ತಲಿಲ್ಲ. ದೇವಿಂದ್ರ ತಲೆ ತಗ್ಗಿಸಿದ. ಪಾಸ್ಟರ್ ‘ಆಮೆನ್’ ಎಂದಷ್ಟೇ ಹೇಳಿದರು.

ಆರಾಧನೆ ಮುಗಿದು ಜನ ಚದುರಿದರೂ ಅವಳು ಹೊರಡಲಿಲ್ಲ. ದೇವಿಂದ್ರ ಬಾಗಿಲಲ್ಲಿ ನಿಂತು, ‘ಬರಂಗಿಲ್ಲೇನು?’ ಎಂದ.

‘ನೀ ಹೋಗು. ನಂದೊಂದು ಮಾತೈತಿ.’

‘ಯಾರ ಜೋಡಿ?’

ಅವಳು ಮೂಲೆಯ ಚಾಪೆ ಎಳೆದುಕೊಂಡಳು. ಅವನು ಹೋದ ಮೇಲೆ ಚಾಪೆಯ ಮೇಲೆ ಕೂತಳು, ಮೊಣಕಾಲೂರದೆ, ಸುಸ್ತಾದವರು ಕೂರುವಂತೆ. ಕಿಟಕಿಯಾಚೆ ಬಸ್ಸೊಂದು ಹಾರ್ನ್ ಹಾಕುತ್ತಾ ಸುರಪುರದ ಕಡೆ ಹೋಯಿತು. ಅತ್ತೆಯ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

‘ನಾ ಮಲ್ಲೇಶ್ವರಿ,’ ಎಂದಳು ಕೊನೆಗೆ. ಸ್ವಂತ ದನಿ ತನಗೇ ಹೊಸದೆನಿಸಿತು. ‘ಹುಣಸಗಿಯಾಕಿ. ನನಗ ಆಕಿ ನೆನಪು ಭಾಳ ಕಾಡತೈತಿ. ಇಷ್ಟು ದಿನ ನಿನ್ನ ಹುಡುಕಿದ್ನೋ ಆಕೀನ ಹುಡುಕಿದ್ನೋ, ಖರೇನ ಗೊತ್ತಿಲ್ಲ. ಆಕೀ ಮ್ಯಾಲ ಸಿಟ್ಟೈತಿ, ನಿನ್ನ ಮ್ಯಾಲೂ ಐತಿ. ಆಕಿ ಜೋಡಿ ಅಷ್ಟು ಮಾತಾಡಿದಿ. ಬಾಜೂಕ ಕುಂತಿದ್ನಲ್ಲ, ನನ್ನ ನೋಡಲಿಲ್ಲೇನು?’

ಅತ್ತಳು. ಬೈದಳು. ಮತ್ತೆ ಅತ್ತಳು. ಉತ್ತರವೇನೂ ಬರಲಿಲ್ಲ, ಎದೆಯ ಹಸಿವೂ ತೀರಲಿಲ್ಲ, ಇನ್ನಷ್ಟು ಹೆಚ್ಚಿತು. ಆದರೆ ಎಂದಿನಂತೆ ಸೆರಗು ಕೊಡವಿ ಏಳಬೇಕೆನಿಸಲಿಲ್ಲ. ಹೇಳುವುದು ಇನ್ನೂ ಬಹಳ ಉಳಿದಿತ್ತು.